ಅವರ ಮಧ್ಯಾಹ್ನ, ನನ್ನ ಸಂಜೆ

ಹೋದ ಶನಿವಾರ ಅಟ್ಲಾಂಟಾ ಹತ್ತಿರದ ನಾರ್‌ಕ್ರಾಸ್‌ನ ಇಂಡಿಯನ್ ಅಂಗಡಿಯಲ್ಲಿ ತೊಗರಿಬೇಳೆ ಹುಡುಕುತ್ತಾ ನಿಂತಿದ್ದೆ. ಪಕ್ಕದಲ್ಲಿ ಯಾರದೋ ತಳ್ಳುಗಾಡಿಯಿಂದ ಗೊಜ್ಜವಲಕ್ಕಿಯ ಪೊಟ್ಟಣವೊಂದು ಜಾರಿ ಬಿದ್ದು ಒಡೆಯಿತು. ಅಂಗಡಿಯವರು ಪೊರಕೆ ತರುವಷ್ಟರಲ್ಲಿ ಹುಣಿಸೆ, ಬೆಲ್ಲ, ಸಾರಿನ ಪುಡಿ, ಒಣಕೊಬ್ಬರಿ ಎಲ್ಲ ಸೇರಿದ ಆ ವಾಸನೆ ಮೂಗಿಗೆ ಬಡಿಯಿತು. ಮೈಸೂರಿನವಳಾದ ನನಗೆ ಅಮ್ಮನ ಅಡುಗೆಮನೆ ನೆನಪಾಗಬೇಕಿತ್ತು. ನೆನಪಾದದ್ದು ಇಂಗ್ಲೆಂಡಿನ ಯಾರ್ಕ್ ಊರಿನ ಹಾಸ್ಟೆಲೊಂದರ ಅಡುಗೆಮನೆ. ಹಬೆ ಕಟ್ಟಿದ ಕಿಟಕಿ, ಉಪ್ಪಿನ ಡಬ್ಬಿಗೆ ಒರಗಿಸಿಟ್ಟ ಫೋನು, ಆ ಫೋನಿನೊಳಗೆ ಬಾಯಿ ತುಂಬ ಅನ್ನ ಇಟ್ಟುಕೊಂಡೇ ನನಗೆ ಬುದ್ಧಿ ಹೇಳುತ್ತಿದ್ದ ಕೆಳಗಿನ ಮನೆ ಆಂಟಿ. ಬೇಳೆ ಮರೆತು ಬರೀ ಕೊತ್ತಂಬರಿ ಸೊಪ್ಪು ತೆಗೆದುಕೊಂಡು ಮನೆಗೆ ಬಂದೆ.

ನಾನಾಗ ಮೇರಿಲ್ಯಾಂಡಿನ ಜರ್ಮನ್‌ಟೌನ್‌ನಲ್ಲಿ ಪಿಎಚ್‌ಡಿ ವಿದ್ಯಾರ್ಥಿನಿ. ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ಒಂದು ರೂಮು ನನ್ನದು. ಆಂಟಿ ಅದೇ ಕಟ್ಟಡದ ನೆಲಮಟ್ಟದ ಮನೆಯಲ್ಲಿ ಒಬ್ಬರೇ ಇದ್ದರು. ಎಪ್ಪತ್ತರ ದಶಕದಲ್ಲಿ ಮೈಸೂರಿನಿಂದ ಬಂದು, ಇಲ್ಲಿಯ ಸರ್ಕಾರಿ ಲ್ಯಾಬೊಂದರಲ್ಲಿ ಬ್ಯಾಕ್ಟೀರಿಯಾಗಳ ಜೊತೆ ಅರ್ಧ ಆಯುಷ್ಯ ಕಳೆದು ನಿವೃತ್ತರಾದವರು. ಅಂಕಲ್ ತೀರಿಕೊಂಡ ಮೇಲೆ ದೊಡ್ಡ ಮನೆ ಮಾರಿ, ಯಾರನ್ನೂ ಒಂದು ಮಾತು ಕೇಳದೆ ಈ ಸಣ್ಣ ಮನೆ ಹಿಡಿದಿದ್ದರು. ಕೋವಿಡ್ ಬಂದು ಎಲ್ಲರೂ ಬಾಗಿಲು ಹಾಕಿಕೊಂಡ ವರ್ಷ ನಾನು ಅವರಿಗೆ ಹಾಲು, ತರಕಾರಿ ತಂದು ಹೊಸಿಲ ಹತ್ತಿರ ಇಟ್ಟು ಬರುತ್ತಿದ್ದೆ. ಚೀಲ ಒಳಗೆ ಹೋದ ಜಾಗಕ್ಕೆ ಹುಳಿಯ ಡಬ್ಬಿ ಬಂದು ಕೂರುತ್ತಿತ್ತು. ಹಾಗೆ ಬಾಗಿಲಿನ ಆಚೆ ಒಬ್ಬರು ಈಚೆ ಒಬ್ಬರು ನಿಂತೇ ಮಾತು ಬೆಳೆಯಿತು. ಮಾಸ್ಕ್ ತೆಗೆದ ನನ್ನ ಮುಖವನ್ನು ಮೊದಲ ಸಲ ನೋಡಿದಾಗ ಅವರು ಹೇಳಿದ್ದು, "ಅಯ್ಯೋ, ನೀನು ಇಷ್ಟು ಚಿಕ್ಕೋಳಾ? ಬರೀ ಕಣ್ಣು ನೋಡಿ ಮೂವತ್ತು ದಾಟಿದೆ ಅಂದ್ಕೊಂಡಿದ್ದೆ ಕಣೇ." ಅವರು ಮಾತಾಡುತ್ತಿದ್ದದ್ದೇ ಹಾಗೆ. ಸಿಹಿ ಹಚ್ಚುವ ಅಭ್ಯಾಸವೇ ಇರಲಿಲ್ಲ.

ಕೋವಿಡ್ ಗಲಾಟೆ ತಣ್ಣಗಾಗಿ ಜನ ಮತ್ತೆ ಓಡಾಡತೊಡಗಿದ ಒಂದು ಚಳಿಗಾಲದ ಮಾತು ಇದು. ಡಿಸೆಂಬರಿನಲ್ಲಿ ಇಂಡಿಯಾಕ್ಕೆ ಹೋಗಿಬರುವ ಟಿಕೆಟಿನ ದರ ನೋಡಿದರೆ ನನ್ನ ಸ್ಟೈಪೆಂಡಿಗೆ ಜ್ವರ ಬರುತ್ತಿತ್ತು. ಆದರೆ ವಾಷಿಂಗ್ಟನ್‌ನಿಂದ ಲಂಡನ್ನಿಗೆ, ಅದೂ ಕ್ರಿಸ್‌ಮಸ್ ದಿನ ಬೆಳಗ್ಗೆಯೇ ಇಳಿಯುವ ವಿಮಾನಕ್ಕೆ, ನಂಬಲಾಗದಷ್ಟು ಅಗ್ಗದ ಟಿಕೆಟ್ ಕಂಡಿತು. ಯಾಕಿಷ್ಟು ಅಗ್ಗ ಎಂದು ಯೋಚಿಸುವ ತಾಳ್ಮೆ ನನಗಿರಲಿಲ್ಲ. ಕೊಂಡೇಬಿಟ್ಟೆ. ಬ್ರಿಟನ್ನಿಗೊಂದು, ಯೂರೋಪಿಗೊಂದು ಅಂತ ಎರಡು ವೀಸಾ ಮಾಡಿಸಿಕೊಂಡೆ. ಲಂಡನ್, ಯಾರ್ಕ್, ಅಲ್ಲಿಂದ ಬಸ್ಸಿನಲ್ಲಿ ಬೆಲ್ಜಿಯಂ, ಜರ್ಮನಿ, ಕೊನೆಗೆ ಪ್ರಾಗ್. ಮಲಗುವುದು ಹಾಸ್ಟೆಲುಗಳ ಹೆಂಗಸರ ಡಾರ್ಮಿಟರಿಯಲ್ಲಿ, ಒಂದು ರೂಮಿಗೆ ಎಂಟು ಹಾಸಿಗೆ. ಜೊತೆಗೆ ಯಾರೂ ಇಲ್ಲ, ನಾನೊಬ್ಬಳೇ.

ಎಲ್ಲ ಮುಗಿದ ಮೇಲೆ ಅಪ್ಪನಿಗೆ ಹೇಳಿದೆ. ಅಪ್ಪ ಕೂಗಾಡುವ ಮನುಷ್ಯರಲ್ಲ. "ಹೋಗು, ಬೇಡ ಅನ್ನಲ್ಲ. ಆದ್ರೆ ಒಬ್ಬಳೇ ಯಾಕೆ ಪುಟ್ಟಿ?" ಎಂದು ಮೆತ್ತಗೆ ಕೇಳಿದರು. ಒಬ್ಬಳೇ ಹೋಗಬೇಕು ಅನ್ನಿಸಿತ್ತು, ಅಷ್ಟೇ. ಅದನ್ನು ಹೇಳಿದರೆ ಉತ್ತರವಾಗುತ್ತದೆಯೇ? ನಾನು ಬೆಬ್ಬೆಬ್ಬೆ ಅನ್ನುತ್ತಿದ್ದಾಗ ಎದುರಿಗೆ ಕೂತು ಹುರುಳಿಕಾಯಿ ಬಿಡಿಸುತ್ತಿದ್ದ ಆಂಟಿ ಕೈ ಒರೆಸಿಕೊಂಡು ನನ್ನ ಫೋನು ಕಿತ್ತುಕೊಂಡರು. "ನಮಸ್ಕಾರ. ನಾನು ಇವಳ ಕೆಳಗಿನ ಮನೆಯವಳು. ನೀವೇನೂ ಯೋಚ್ನೆ ಮಾಡ್ಬೇಡಿ. ದಿನಾ ಮಧ್ಯಾಹ್ನ ಇವಳ ಜೊತೆ ಮಾತಾಡಿ ನಿಮಗೆ ಮೆಸೇಜ್ ಹಾಕ್ತೀನಿ. ಒಂದು ದಿನ ಇವಳು ಫೋನ್ ಎತ್ತಲಿಲ್ಲ ಅಂದ್ರೆ ಮಾರನೇ ದಿನಾನೇ ವಾಪಸ್ ಕರೆಸಿಬಿಡ್ತೀನಿ." ಅಪ್ಪ ಒಪ್ಪಿದರು. ಆ ದನಿಗೆ ಒಪ್ಪದವರನ್ನು ನಾನಂತೂ ಕಂಡಿರಲಿಲ್ಲ.

ಒಪ್ಪದವನು ಒಬ್ಬನಿದ್ದ, ಅವರ ಮಗ. ಅಟ್ಲಾಂಟಾದ ಹತ್ತಿರ ಜಾನ್ಸ್ ಕ್ರೀಕ್‌ನಲ್ಲಿ ಡಾಕ್ಟರು. ಆ ವರ್ಷ ಎಲೆ ಉದುರುವ ಕಾಲದಲ್ಲಿ ಆಂಟಿ ಬಚ್ಚಲಲ್ಲಿ ಜಾರಿ ಬಿದ್ದು, ಫೋನಿನವರೆಗೆ ತೆವಳಿಕೊಂಡು ಬರಲು ಒಂದು ಬೆಳಗು ಪೂರ್ತಿ ಹಿಡಿದಿತ್ತು. ಮೂಳೆ ಮುರಿಯಲಿಲ್ಲ, ಆದರೆ ಮಗ ಹೆದರಿಬಿಟ್ಟ. ಬಂದು ನಾಲ್ಕು ದಿನ ಇದ್ದು, ಹೋಗುವಾಗ ಒಂದು ಕರಾರು ಹಾಕಿದ. ಈ ಚಳಿಗಾಲ ಏನೂ ಆಗದೆ ಕಳೆದರೆ ಮಾತ್ರ ಫೆಬ್ರವರಿಯಲ್ಲಿ ಮನೆಯ ಲೀಸ್ ಮುಂದುವರಿಸಬೇಕು. ಇನ್ನೊಂದು ಸಲ ಏನೇ ಆದರೂ ಗಂಟುಮೂಟೆ ಕಟ್ಟಿ ಜಾನ್ಸ್ ಕ್ರೀಕ್‌ಗೆ ಬರಬೇಕು. ಆಂಟಿ ಒಪ್ಪಿಕೊಂಡರು. ಒಪ್ಪಿಕೊಂಡ ರಾತ್ರಿ ಊಟ ಮಾಡಲಿಲ್ಲ. "ಸೊಸೆ ಒಳ್ಳೇವಳು, ಮೊಮ್ಮಕ್ಕಳು ಚಿನ್ನದಂಥವು. ಆದ್ರೆ ಅಲ್ಲಿ ನನಗೆ ಒಂದು ಚಮಚ ಎತ್ತಕ್ಕೂ ಬಿಡಲ್ಲ ಕಣೇ. ಮೂರು ದಿನ ಚೆನ್ನಾಗಿರತ್ತೆ. ನಾಲ್ಕನೇ ದಿನ ನಾನು ಯಾರು ಅಂತಾನೇ ಮರೆತುಹೋಗತ್ತೆ," ಅಂದರು. ಮಗ ಹೋಗುವಾಗ ನನ್ನ ನಂಬರ್ ತೆಗೆದುಕೊಂಡು, ದಿನಕ್ಕೊಂದು ಸಲ ಅಮ್ಮನನ್ನು ವಿಚಾರಿಸುತ್ತೀಯಾ, ಏನಾದರೂ ಇದ್ದರೆ ತಕ್ಷಣ ಹೇಳುತ್ತೀಯಾ ಎಂದು ಕೇಳಿದ್ದ. ಹೂಂ ಅಂದಿದ್ದೆ.

ಹೀಗಾಗಿ ಆ ಚಳಿಗಾಲ ನಮ್ಮಿಬ್ಬರ ಸ್ಥಿತಿಯೂ ಒಂದೇ. ಇಬ್ಬರೂ ಜಾಮೀನಿನ ಮೇಲೆ ಹೊರಗಿದ್ದವರು, ಒಬ್ಬರಿಗೊಬ್ಬರು ಜಾಮೀನು ನಿಂತವರು. ಮಧ್ಯಾಹ್ನ ಹನ್ನೆರಡು ಅವರ ಊಟದ ಹೊತ್ತು. ಒಬ್ಬರೇ ಕೂತು ಉಣ್ಣಬಾರದು ಎನ್ನುವುದು ಅವರ ತಾಯಿಯ ಮನೆಯ ಕಟ್ಟುನಿಟ್ಟು. ಅಂಕಲ್ ಹೋದ ಮೇಲೆ ಅದನ್ನು ಹೇಗೆ ಪಾಲಿಸುವುದು? ರೇಡಿಯೋ ಹಾಕಿಕೊಂಡು ಉಣ್ಣುತ್ತಿದ್ದರು. "ನನ್ನ ಹನ್ನೆರಡು, ನಿನಗೆ ಲಂಡನ್ನಲ್ಲಿ ಐದು. ಆಚೆ ಯೂರೋಪಲ್ಲಿ ಆರು. ನಿನಗೆ ರಾತ್ರಿ ಊಟ, ನನಗೆ ಮಧ್ಯಾಹ್ನದ್ದು. ಒಟ್ಟಿಗೇ ಮಾಡೋಣ," ಎಂದು ತೀರ್ಮಾನ ಕೊಟ್ಟರು.

ಪ್ಯಾಕಿಂಗ್ ಅವರದೇ ಉಸ್ತುವಾರಿ. ಅಗ್ಗದ ಟಿಕೆಟಿಗೆ ಒಂದೇ ಚೀಲ, ಅದೂ ಕಾಲ ಬಳಿ ಹಿಡಿಸುವಂಥದ್ದು. ದಪ್ಪ ಕೋಟನ್ನು ಹೊರಗೆಸೆದರು. ತೆಳು ಬಟ್ಟೆ ಒಂದರ ಮೇಲೊಂದು ಹಾಕಿಕೊಂಡರೆ ನಡುವೆ ಗಾಳಿ ನಿಂತು ಬೆಚ್ಚಗಿರುತ್ತದೆ ಎಂದು ಲ್ಯಾಬಿನಲ್ಲಿ ಪಾಠ ಮಾಡುವಂತೆ ವಿವರಿಸಿದರು. ಮೂರು ಸ್ವೆಟರನ್ನು ಮೈಮೇಲೆಯೇ ಹಾಕಿಸಿ ಚೀಲದ ತೂಕ ಇಳಿಸಿದರು. ಉಳಿದ ಜಾಗಕ್ಕೆ ಗೊಜ್ಜವಲಕ್ಕಿ. ಅವಲಕ್ಕಿಯನ್ನು ತರಿಯಾಗಿ ಪುಡಿ ಮಾಡಿ, ಹುಣಿಸೆ, ಬೆಲ್ಲ, ಸಾರಿನ ಪುಡಿ ಸೇರಿಸಿ, ಕಡಲೆಕಾಯಿಬೀಜದ ಒಗ್ಗರಣೆಯನ್ನೂ ಮೊದಲೇ ಬೆರೆಸಿ ಸಣ್ಣ ಸಣ್ಣ ಜಿಪ್‌ಲಾಕ್ ಚೀಲಗಳಲ್ಲಿ ತುಂಬಿದ್ದರು. ಬಿಸಿನೀರು ಹಾಕಿ ಮುಚ್ಚಿಟ್ಟರೆ ಊಟ ತಯಾರು. ನೀರು ಕಾಯಿಸಲು ಅವರದೇ ಹಳೆಯ ಕಾಯಿಲು, ಲೋಟದೊಳಗೆ ಇಳಿಬಿಡುವಂಥದ್ದು. ಇಂಗ್ಲೆಂಡಿನ ಸಾಕೆಟ್ಟು ಬೇರೆ ಥರ ಎಂದು ಅದಕ್ಕೊಂದು ಅಡಾಪ್ಟರನ್ನೂ ನೆನಪಿಟ್ಟು ಕೊಟ್ಟರು.

ಆಂಟಿ ಯೂರೋಪ್ ನೋಡದವರೇನಲ್ಲ. ಅಂಕಲ್ ಜೊತೆ ಮೂರು ಸಲ ಗ್ರೂಪ್ ಟೂರಿಗೆ ಹೋಗಿದ್ದರು. ಬಸ್ಸಿನ ಹಿಂದೆಯೇ ಅಡುಗೆಯವರು, ಆಲ್ಪ್ಸ್ ಬೆಟ್ಟದ ಬುಡದಲ್ಲೂ ಅನ್ನ ಸಾರು. "ಹನ್ನೊಂದು ದೇಶ ನೋಡಿದೀನಿ. ಒಂದು ಕಡೇನೂ ದಾರಿ ತಪ್ಪಿಲ್ಲ. ಅದೂ ಒಂದು ಟ್ರಿಪ್ಪಾ?" ಎಂದು ಚೀಲದ ಜಿಪ್ ಎಳೆಯುತ್ತಾ ಹೇಳಿದ್ದು ನೆನಪಿದೆ. ನಾನು ನಕ್ಕಿದ್ದೆ. ಅವರು ನಗಲಿಲ್ಲ.

ಟಿಕೆಟ್ ಯಾಕೆ ಅಗ್ಗವೆಂದು ಲಂಡನ್ ವಿಮಾನ ನಿಲ್ದಾಣದಲ್ಲಿ ಗೊತ್ತಾಯಿತು. ಕ್ರಿಸ್‌ಮಸ್ ದಿನ ಆ ಊರಿನಲ್ಲಿ ರೈಲಿಲ್ಲ, ಮೆಟ್ರೋ ಇಲ್ಲ, ಸಿಟಿ ಬಸ್ಸಿಲ್ಲ. ಅಷ್ಟು ದೊಡ್ಡ ಊರು ಬಾಗಿಲು ಹಾಕಿಕೊಂಡು ಮಲಗಿಬಿಡುತ್ತದೆ. ಬಹಳ ಹೊತ್ತು ಕಾದ ಮೇಲೆ ಊರಿನ ನಡುವಿನವರೆಗೆ ಹೋಗುವ ಒಂದು ದೂರದೂರಿನ ಬಸ್ಸು ಸಿಕ್ಕಿತು. ಅಲ್ಲಿಂದ ಹಾಸ್ಟೆಲಿನವರೆಗೆ ಕಾಲ್ನಡಿಗೆ. ಯಾರೂ ಇಲ್ಲದ ಬೀದಿಗಳು, ಮುಚ್ಚಿದ ಅಂಗಡಿಗಳ ಗಾಜಿನೊಳಗೆ ಉರಿಯುತ್ತಿದ್ದ ದೀಪ, ನದಿಯ ಮೇಲೆ ಗಾಳಿ... ಮೂರು ಸ್ವೆಟರಿನೊಳಗೆ ನಾನು. ಅಷ್ಟೊಂದು ಖುಷಿಯಾಗಿ ನಾನು ಯಾವತ್ತೂ ನಡೆದಿರಲಿಲ್ಲ. ಎರಡು ಸಲ ದಾರಿ ತಪ್ಪಿ ಹಾಸ್ಟೆಲು ಸೇರುವಾಗ ಕತ್ತಲಾಗಿತ್ತು. ಅಲ್ಲಿ ನಾಲ್ಕು ಗಂಟೆಗೇ ಕತ್ತಲೆ.

ಮೊದಲ ಊಟಕ್ಕೇ ಕಾಯಿಲು ಕೈಕೊಟ್ಟಿತು. ಲೋಟಕ್ಕೆ ಇಳಿಬಿಟ್ಟು ಸ್ವಿಚ್ ಹಾಕಿದ ಕೂಡಲೇ ಟಪ್ ಎಂದು ಸದ್ದು, ಸುಟ್ಟ ವಾಸನೆ, ಆ ಮಹಡಿಯ ದೀಪಗಳೆಲ್ಲ ಹೋದವು. ಹಾಸ್ಟೆಲಿನ ಹುಡುಗ ಬಂದು ಕಾಯಿಲನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, ಇದು ಅಮೆರಿಕದ್ದು, ನಮ್ಮ ಕರೆಂಟು ಇದಕ್ಕೆ ಎರಡರಷ್ಟು ಎಂದು ತಿಳಿಹೇಳಿದ. ಐದು ಗಂಟೆಗೆ ಆಂಟಿಗೆ ಹೇಳಿದೆ. ಅವರು ಹಣೆ ಹಣೆ ಚಚ್ಚಿಕೊಂಡು ನಕ್ಕರು. "ಪಿನ್ನು ನೆನಪಿಟ್ಕೊಂಡೆ, ವೋಲ್ಟೇಜ್ ಮರೆತೆ! ಇಬ್ಬರು ಸೈಂಟಿಸ್ಟುಗಳು ಕಣೇ ನಾವು. ಯಾರಿಗೂ ಹೇಳ್ಬೇಡ." ಮೈಸೂರಲ್ಲಿ ಹುಟ್ಟಿ ಇನ್ನೂರಿಪ್ಪತ್ತು ವೋಲ್ಟಿನಲ್ಲಿ ಬೆಳೆದವರು ಇಬ್ಬರೂ. ಅಮೆರಿಕಕ್ಕೆ ಬಂದು ಮರೆತಿದ್ದೆವು. ಗೊಜ್ಜವಲಕ್ಕಿಯನ್ನು ನಲ್ಲಿಯ ಬಿಸಿನೀರಿನಲ್ಲಿ ನೆನೆಸಿದೆ. ಮರುದಿನ ನೋಡಿದರೆ ಅಡುಗೆಮನೆಯ ಮೂಲೆಯಲ್ಲಿ ಎಲ್ಲರಿಗೂ ಅಂತ ಒಂದು ದೊಡ್ಡ ಕೆಟಲ್ ಇಟ್ಟಿದ್ದರು.

ಆಮೇಲಿನ ದಿನಗಳು ಒಂದೇ ತಾಳಕ್ಕೆ ಬಂದವು. ಬೆಳಗ್ಗೆ ಎದ್ದು ದುಡ್ಡು ಕೇಳದ ಮ್ಯೂಸಿಯಮ್ಮಿಗೆ ಹೋಗುವುದು. ಅಲ್ಲಿ ಬೆಚ್ಚಗಿರುತ್ತದೆ, ಬಾತ್‌ರೂಮು ಇರುತ್ತದೆ, ಯಾರೂ ಎದ್ದು ಹೋಗು ಎನ್ನುವುದಿಲ್ಲ. ಮಧ್ಯಾಹ್ನ ಕಾಲು ಸೋಲುವವರೆಗೆ ನಡೆಯುವುದು. ಸಂಜೆ ಸೂಪರ್‌ಮಾರ್ಕೆಟ್ಟಿನಲ್ಲಿ ಹಳದಿ ಚೀಟಿ ಅಂಟಿಸಿ ಬೆಲೆ ಇಳಿಸಿದ ಬ್ರೆಡ್ಡು, ಹಣ್ಣು ಕೊಂಡು ಹಾಸ್ಟೆಲಿನ ಅಡುಗೆಮನೆಗೆ ಬರುವುದು. ಒಬ್ಬಳೇ ಇದ್ದದ್ದಕ್ಕೆ ಬೇಸರವಾಗಲಿಲ್ಲವೇ ಎಂದು ಈಗಲೂ ಕೇಳುತ್ತಾರೆ. ಇಲ್ಲ. ಯಾರನ್ನೂ ಕೇಳದೆ ಒಂದು ಚಿತ್ರದ ಮುಂದೆ ಅರ್ಧ ಗಂಟೆ ನಿಲ್ಲಬಹುದು, ಪ್ರಸಿದ್ಧವಾದದ್ದನ್ನು ನೋಡದೆಯೇ ಬರಬಹುದು ಎನ್ನುವುದು ನನಗೆ ಹೊಸ ಸುಖ.

ಆಂಟಿ ಅರಮನೆ, ಚರ್ಚು ಏನನ್ನೂ ಕೇಳುತ್ತಿರಲಿಲ್ಲ. ತಟ್ಟೆ ಎಳೆದುಕೊಂಡು ಕೂತ ಕೂಡಲೇ ಅವರದು ಒಂದೇ ಪ್ರಶ್ನೆ. "ಇವತ್ತು ಎಲ್ಲಿ ದಾರಿ ತಪ್ಪಿದೆ?" ಯಾರ್ಕ್‌ನಲ್ಲಿ ಎರಡು ಗೋಡೆಗಳ ನಡುವೆ ಒಬ್ಬರೇ ನುಸುಳುವಂಥ ಗಲ್ಲಿಗಳಿವೆ. ಒಂದರಲ್ಲಿ ಹೊಕ್ಕು ಯಾರದೋ ಹಿತ್ತಲಿಗೆ ಹೋಗಿ, ಒಗೆದ ಬಟ್ಟೆ ಒಣಹಾಕುತ್ತಿದ್ದ ಮುದುಕಿಯಿಂದ ಬಿಸ್ಕತ್ತು ಇಸಿದುಕೊಂಡು ಬಂದದ್ದನ್ನು ಹೇಳಿದಾಗ ಅವರ ಕೈಯ ತುತ್ತು ಹಾಗೇ ನಿಂತಿತ್ತು. ಆಮೇಲೆ ಏನಾಯ್ತು, ಅವಳು ಏನಂದಳು, ನೀನು ಹೆದರಿದೆಯಾ, ಹೇಗೆ ವಾಪಸ್ ಬಂದೆ... ಹುಳಿಯನ್ನ ತಣ್ಣಗಾಗಿ ಕೆನೆ ಕಟ್ಟುತ್ತಿತ್ತು. ಅವರಿಗಾಗಿಯೇ ಒಂದೊಂದು ದಿನ ಬೇಕೆಂದೇ ಬೇರೆ ದಾರಿ ಹಿಡಿದಿದ್ದೇನೆ. ಊಟ ಮುಗಿದ ಮೇಲೆ ಅವರು ನನ್ನ ಅಪ್ಪನಿಗೆ ಮೆಸೇಜ್ ಹಾಕುತ್ತಿದ್ದರು, ನಾನು ಅವರ ಮಗನಿಗೆ. ಎರಡರಲ್ಲೂ ಒಕ್ಕಣೆ ಒಂದೇ. ಆರಾಮ, ಊಟ ಆಯಿತು.

ಯಾರ್ಕ್‌ನಿಂದ ಲಂಡನ್, ಲಂಡನ್ನಿನಿಂದ ಸಮುದ್ರ ದಾಟುವ ಬಸ್ಸು, ಬೆಲ್ಜಿಯಂನ ಗೆಂಟ್ ಊರು. ಹೊಸ ವರ್ಷಕ್ಕೆ ಎರಡು ದಿನ ಇತ್ತು. ಆರು ಗಂಟೆಗೆ ಹಾಸ್ಟೆಲಿನ ಅಡುಗೆಮನೆಯಲ್ಲಿ ಗೊಜ್ಜವಲಕ್ಕಿ ನೆನೆಸಿಟ್ಟು ಆಂಟಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಸ್ನಾನಕ್ಕೆ ಹೋಗಿರಬೇಕು ಅಂದುಕೊಂಡೆ. ಹತ್ತು ನಿಮಿಷ ಬಿಟ್ಟು ಮಾಡಿದೆ. ಎತ್ತಲಿಲ್ಲ. ಸ್ನಾನ ಎಂಬ ಮಾತು ತಲೆಯಲ್ಲಿ ಬಂದದ್ದೇ ತಡ, ಅವರು ಬಚ್ಚಲಲ್ಲಿ ಬಿದ್ದದ್ದು ನೆನಪಾಯಿತು. ಏಳು ಗಂಟೆಯ ಹೊತ್ತಿಗೆ ಎಷ್ಟು ಸಲ ಒತ್ತಿದ್ದೆನೋ. ಅಲ್ಲಿ ನನ್ನ ಜೊತೆ ಮನೆ ಹಂಚಿಕೊಂಡಿದ್ದ ಚೀನೀ ಹುಡುಗಿಯೂ ರಜಕ್ಕೆ ಊರು ಬಿಟ್ಟಿದ್ದಳು. ಕೊನೆಗೆ ನಮ್ಮ ಅಪಾರ್ಟ್‌ಮೆಂಟಿನ ಆಫೀಸಿಗೆ ಫೋನ್ ಮಾಡಿ, ಯಾರನ್ನಾದರೂ ಕಳಿಸಿ ಬಾಗಿಲು ತಟ್ಟಿಸಿ ಎಂದು ಬೇಡಿಕೊಂಡೆ.

ಅವರು ರಿಪೇರಿ ಕೆಲಸದವನನ್ನು ಕಳಿಸಿದರು. ಬಾಗಿಲು ತಟ್ಟಿದರೂ ಒಳಗಿನಿಂದ ಉತ್ತರವಿಲ್ಲ ಅಂದರು. ಕಾರು ಇದೆಯೇ ನೋಡಿ ಅಂದೆ. ಇದೆ, ಅದರ ಜಾಗದಲ್ಲೇ ಇದೆ. ಜರ್ಮನ್‌ಟೌನ್‌ನಲ್ಲಿ ಕಾರು ಇದೆ ಅಂದರೆ ಮನುಷ್ಯ ಮನೆಯಲ್ಲೇ ಇದ್ದಾನೆ ಎಂದೇ ಅರ್ಥ. ಹಾಲು ಬೇಕಿದ್ದರೂ ಕಾರು, ದೇವಸ್ಥಾನಕ್ಕೂ ಕಾರು. ಹಾಗಾದರೆ ಅವರು ಒಳಗೇ ಇದ್ದಾರೆ, ಫೋನು ಎತ್ತಲಾಗದ ಸ್ಥಿತಿಯಲ್ಲಿ ಇದ್ದಾರೆ. ಬೀಗ ತೆಗೆದು ನೋಡಿ ಎಂದೆ. ಮನೆಯವರು ಯಾರಾದರೂ ಹೇಳಬೇಕು, ನೀವು ಹೇಳಿದರೆ ಆಗುವುದಿಲ್ಲ ಎಂದರು ಆಫೀಸಿನವರು.

ಮನೆಯವರು ಅಂದರೆ ಮಗ. ಅವನಿಗೆ ಹೇಳಿದೆನೋ, ಆಂಟಿಯ ಮನೆ ಹೋಯಿತು. ಒಳಗೆ ಅವರು ಕಿವಿಗೆ ಹತ್ತಿ ಇಟ್ಟುಕೊಂಡು ನಿದ್ದೆ ಮಾಡುತ್ತಿದ್ದರೂ ಅಷ್ಟೇ, ಬೀಗ ತೆಗೆಸಿದ ಮೇಲೆ ಕರಾರು ಕರಾರೇ. ಹೇಳದೆ ಸುಮ್ಮನಿದ್ದು, ಅವರು ನಿಜವಾಗಿಯೂ ಬಚ್ಚಲಲ್ಲಿ ಬಿದ್ದಿದ್ದರೆ? ಬೆಲ್ಜಿಯಂನ ಆ ಅಡುಗೆಮನೆಯಲ್ಲಿ ಯಾರೋ ಪಾಸ್ತಾ ಬೇಯಿಸುತ್ತಾ ಹಾಡು ಹೇಳಿಕೊಳ್ಳುತ್ತಿದ್ದರು. ಅವರ ಮೇಲೆ ನನಗೆ ವಿಪರೀತ ಸಿಟ್ಟು ಬಂತು. ಆಂಟಿ ಹೋದರೆ ಎಂಬ ಯೋಚನೆ ಬಂದದ್ದು ಆಗ. ಅವರನ್ನು ನಾನು ಎಷ್ಟು ಹಚ್ಚಿಕೊಂಡಿದ್ದೇನೆ ಎಂದು ಗೊತ್ತಾದದ್ದೂ ಆಗಲೇ. ಮನೆ ಹೋದರೆ ಹೋಗಲಿ, ಜೀವ ಇದ್ದರೆ ಸಾಕು ಎಂದು ಮಗನ ನಂಬರ್ ಒತ್ತಿದೆ.

ಒಂದು ರಿಂಗ್ ಆಗಿರಬೇಕು. ಅಷ್ಟರಲ್ಲಿ ಫೋನಿನ ಮೇಲೆ ಆಂಟಿಯ ಹೆಸರು ಮಿಂಚಿತು. ಮಗನ ಕರೆ ಕತ್ತರಿಸಿ ಅವರದು ಎತ್ತಿದೆ. ಪರದೆಯ ತುಂಬ ಆಂಟಿಯ ಮುಖ, ತಲೆಗೆ ಉಣ್ಣೆಯ ಟೋಪಿ, ಹಿಂದೆ ಎತ್ತರದ ಚಾವಣಿ, ಸೂಟ್‌ಕೇಸು ಎಳೆಯುತ್ತಾ ಓಡಾಡುವ ಜನ.

"ಊಟ ಮಾಡ್ಬಿಟ್ಯಾ? ನಾನಿನ್ನೂ ಮಾಡಿಲ್ಲ," ಅಂದರು.

ನನಗೆ ಅಳು, ಸಿಟ್ಟು ಎರಡೂ ಒಟ್ಟಿಗೇ ಬಂದವು. ಎಲ್ಲಿದ್ದೀರಿ ಎಂದು ಕಿರುಚಿದೆ. ವಾಷಿಂಗ್ಟನ್ನಿನ ರೈಲ್ವೆ ಸ್ಟೇಷನ್ನಿನಲ್ಲಿ! ಅಟ್ಲಾಂಟಾಗೆ ಸಂಜೆಯ ರೈಲು, ರಾತ್ರಿಯೆಲ್ಲ ಎರಡು ಕ್ಯಾರೋಲೈನಾ ರಾಜ್ಯಗಳನ್ನು ದಾಟಿ ಬೆಳಗ್ಗೆ ಮುಟ್ಟುತ್ತದೆ. ಮಗನ ಮನೆಗೆ ಹೊಸ ವರ್ಷಕ್ಕೆ ಹೋಗುವುದು ಮೊದಲೇ ಇತ್ತು, ಅವನು ವಿಮಾನದಲ್ಲಿ ಬಂದು ಕರೆದುಕೊಂಡು ಹೋಗುತ್ತೇನೆ ಅಂದಿದ್ದ. ಇವರು ಅದಕ್ಕೆ ಒಂದು ದಿನ ಮೊದಲೇ, ಅವನಿಗೆ ಹೇಳದೆ, ಹೊರಟುಬಿಟ್ಟಿದ್ದರು. ಐವತ್ತು ವರ್ಷ ಎಲ್ಲಿಗೂ ಕಾರಿನಲ್ಲೇ ಓಡಾಡಿದವರು ಅವತ್ತು ಮೊದಲ ಬಾರಿಗೆ ಗೇಟಿನೆದುರಿನ ಬಸ್ಸು ಹತ್ತಿ, ಮೆಟ್ರೋ ಹಿಡಿದು ಬಂದಿದ್ದರು. ರೈಲಿಗೆ ಇನ್ನೂ ನಾಲ್ಕು ಗಂಟೆ ಇತ್ತು. ಫೋನು? "ಜೇಬುಗಳ್ಳರು ಇರ್ತಾರೆ ಅಂತ ನೀನೇ ಹೇಳಿದ್ಯಲ್ಲ. ಸೂಟ್‌ಕೇಸಲ್ಲಿ ಶಾಲು ಸುತ್ತಿ ತಳಕ್ಕೆ ಇಟ್ಟಿದ್ದೆ."

ಆಮೇಲೆ ದನಿ ತಗ್ಗಿಸಿ, ಹರೆಯದವರು ಗುಟ್ಟು ಹೇಳುವಾಗಿನ ಸಂಭ್ರಮದಲ್ಲಿ ಅಂದರು, "ಕೇಳು. ಮೆಟ್ರೋನಲ್ಲಿ ದಾರಿ ತಪ್ಪಿದೆ ಕಣೇ! ಉಲ್ಟಾ ಕಡೆ ಹೋಗ್ಬಿಟ್ಟೆ. ಒಬ್ಬ ಪೊಲೀಸಿನವಳು ಸರಿಯಾದ ಗಾಡಿಗೆ ಹತ್ತಿಸಿದ್ಲು."

ಅವರ ಮುಖದಲ್ಲಿದ್ದ ಆ ಹೆಮ್ಮೆ... ಬೈಯಬೇಕೆಂದು ತೆರೆದ ಬಾಯಿ ಹಾಗೇ ಮುಚ್ಚಿಕೊಂಡೆ. ಅವರು ಡಬ್ಬಿ ತೆಗೆದು ಸ್ಟೇಷನ್ನಿನ ಬೆಂಚಿನ ಮೇಲೆ ಮೊಸರನ್ನ ತಿಂದರು, ನಾನು ನೆನೆದು ಮುದ್ದೆಯಾಗಿದ್ದ ಗೊಜ್ಜವಲಕ್ಕಿ ತಿಂದೆ. ಮಗನಿಗೆ ಬೆಳಗಿನವರೆಗೆ ಹೇಳಬೇಡ ಎಂದರು. ಅಷ್ಟು ಹೊತ್ತಿಗೆ ಅವನಿಂದಲೇ ಫೋನು ಬಂತು. ಆಂಟಿಯ ಕರೆ ಮುಗಿಸಿ ಅವನದು ಎತ್ತಿದೆ. ಹುಟ್ಟಿ ಬೆಳೆದದ್ದು ಇಲ್ಲೇ ಆದ್ದರಿಂದ ಅವನ ಕನ್ನಡ ಮಗುವಿನ ಕನ್ನಡ. "ನೀನು ಕಾಲ್ ಮಾಡಿದೆ? ಅಮ್ಮ ಓಕೆ?" ಅಂದ. ಚೆನ್ನಾಗಿದ್ದಾರೆ, ಈಗಷ್ಟೇ ಒಟ್ಟಿಗೆ ಊಟ ಮಾಡಿದೆವು, ನಿಮಗೆ ಹ್ಯಾಪಿ ನ್ಯೂ ಇಯರ್ ಹೇಳೋಣ ಅಂತ ಮಾಡಿದೆ ಎಂದು ಒಂದೇ ಉಸಿರಿಗೆ ಹೇಳಿದೆ. "ಓಕೆ. ಸೇಮ್ ಟು ಯೂ," ಎಂದು ಇಟ್ಟ.

ಮರುದಿನ ನನ್ನ ಮಧ್ಯಾಹ್ನದ ಹೊತ್ತಿಗೆ ಆಂಟಿಯ ಮೆಸೇಜು ಬಂತು. ರೈಲು ಸರಿಯಾಗಿ ತಲುಪಿತು, ಟ್ಯಾಕ್ಸಿ ಮಾಡಿಕೊಂಡು ಮನೆ ಸೇರಿದೆ, ಮಗ ಬೈಯುತ್ತಿದ್ದಾನೆ, ಬೈಯಲಿ. ರಾತ್ರಿ ರೈಲಿನಲ್ಲಿ ಪಕ್ಕದ ಸೀಟಿನ ಹೆಂಗಸು ನಾರ್ತ್ ಕ್ಯಾರೋಲೈನಾದಲ್ಲಿ ಇಳಿಯುವವರೆಗೆ ತನ್ನ ಮೂರು ಗಂಡಂದಿರ ಕಥೆ ಹೇಳಿದಳಂತೆ. ಅದನ್ನು ಕೇಳಲು ಜರ್ಮನಿಯ ಕೊಲೋನ್ ಊರಿನಲ್ಲಿ ನನಗೆ ಎರಡು ಸಂಜೆ ಹಿಡಿಯಿತು. ಆಂಟಿ ಒಬ್ಬೊಬ್ಬ ಗಂಡನನ್ನೂ ಬಿಡಿಸಿ ಬಿಡಿಸಿ ವರ್ಣಿಸಿದರು.

ಮಗ ಎರಡು ದಿನ ಮುಖ ಗಂಟಿಕ್ಕಿಕೊಂಡಿದ್ದನಂತೆ. ಮೂರನೇ ದಿನ, ವಾಪಸ್ ಹೋಗುವಾಗಲೂ ರೈಲೇ ಬೇಕಾ ಎಂದು ಕೇಳಿದನಂತೆ. ಬೇಕು ಅಂದರು. ಅವನೇ ಟಿಕೆಟ್ ಮಾಡಿಸಿ, ಸ್ಟೇಷನ್ನಿಗೆ ತಂದು ಹತ್ತಿಸಿದ. ಫೆಬ್ರವರಿಯಲ್ಲಿ ಲೀಸ್ ಮುಂದುವರಿಯಿತು. ನಾನು ಪ್ರಾಗಿನಿಂದ ಒಂದು ಸ್ವೆಟರ್ ಕಮ್ಮಿಯಾಗಿ, ಮೊಣಕಾಲಿಗೆ ಒಂದು ಗಾಯ ಜಾಸ್ತಿಯಾಗಿ ವಾಪಸಾದೆ. ಆಮೇಲಿನ ಚಳಿಗಾಲಗಳಲ್ಲಿ ಆಂಟಿ ಒಬ್ಬರೇ ರೈಲಿನಲ್ಲಿ ನ್ಯೂಯಾರ್ಕಿಗೆ, ಒಮ್ಮೆ ಚಾರ್ಲ್ಸ್‌ಟನ್ನಿಗೂ ಹೋಗಿಬಂದರು. ನಾನು ಪಿಎಚ್‌ಡಿ ಮುಗಿಸಿ ಅಟ್ಲಾಂಟಾ ಕಡೆಗೆ ಕೆಲಸಕ್ಕೆ ಬಂದೆ. ಮಧ್ಯಾಹ್ನ ಹನ್ನೆರಡರ ಊಟ ಆಮೇಲೂ ನಡೆಯಿತು. ಆಗ ಇಬ್ಬರಿಗೂ ಒಂದೇ ಹನ್ನೆರಡು, ನಾನು ಆಫೀಸಿನ ಕ್ಯಾಂಟೀನಿನಲ್ಲಿ, ಅವರು ಅದೇ ಮೇಜಿನ ಮುಂದೆ.

ಹೋದ ವರ್ಷ ಅವರು ತೀರಿಕೊಂಡರು. ಬಹಳ ನರಳಲಿಲ್ಲ. ಆಸ್ಪತ್ರೆಗೆ ಸೇರುವ ಹಿಂದಿನ ದಿನದವರೆಗೂ ಆ ಮನೆಯಲ್ಲಿ ಒಬ್ಬರೇ ಅಡುಗೆ ಮಾಡಿಕೊಂಡಿದ್ದರು. ಅದನ್ನು ನೆನೆದರೆ ನನಗೆ ಈಗಲೂ ಸಮಾಧಾನ.

ವೈಕುಂಠ ಸಮಾರಾಧನೆ ಜಾನ್ಸ್ ಕ್ರೀಕ್‌ನ ಮನೆಯಲ್ಲಿ. ಊಟವಾದ ಮೇಲೆ ಹಿತ್ತಲ ಕಡೆಯ ಮರದ ಡೆಕ್ಕಿನ ಮೇಲೆ ಅವರ ಮಗ ಬಂದು ನನ್ನ ಪಕ್ಕ ನಿಂತ. ತಲೆ ಪೂರ್ತಿ ನರೆತಿತ್ತು. "ಆ ಡೇ ನೀನು ಕಾಲ್ ಮಾಡಿದೆ, ನ್ಯೂ ಇಯರ್ ಅಂತ," ಅಂದ. ನಾನು ತಲೆ ತಗ್ಗಿಸಿದೆ. "ನನಗೆ ಗೊತ್ತು ಇತ್ತು. ಟಿಕೆಟ್ ತಗೊಂಡ ಡೇನೇ ಕಾರ್ಡಿಂದ ನನಗೆ ಅಲರ್ಟ್ ಬಂತು."

ಅಮ್ಮನ ಬ್ಯಾಂಕ್ ಕಾರ್ಡಿನ ಸುದ್ದಿಯೆಲ್ಲ ಅವನ ಫೋನಿಗೂ ಬರುತ್ತಿತ್ತಂತೆ. ರೈಲಿನ ಟಿಕೆಟ್ ನೋಡಿ ಬೇಡ ಅನ್ನಲು ಎರಡು ಸಲ ಫೋನ್ ಎತ್ತಿಕೊಂಡು, ಎರಡು ಸಲ ಕೆಳಗಿಟ್ಟನಂತೆ. ಆ ರಾತ್ರಿ ಫೋನಿನ ನಕ್ಷೆಯಲ್ಲಿ ರೈಲು ಎಲ್ಲಿದೆ ಎಂದು ನೋಡುತ್ತಾ ಕೂತಿದ್ದನಂತೆ. ಷಾರ್ಲಟ್ ಬಂತು, ಗ್ರೀನ್‌ವಿಲ್ ಬಂತು... ಬೆಳಕು ಹರಿಯುವ ಮೊದಲೇ ಅಟ್ಲಾಂಟಾ ಸ್ಟೇಷನ್ನಿನ ಎದುರು ಕಾರು ನಿಲ್ಲಿಸಿಕೊಂಡು, ಟೋಪಿ ಕಣ್ಣಿಗೆಳೆದು ಕೂತ. ಅಮ್ಮ ಸೂಟ್‌ಕೇಸು ಎಳೆದುಕೊಂಡು ಹೊರಗೆ ಬಂದರು. ಆ ಕಡೆ ಈ ಕಡೆ ನೋಡಿದರು. ಯಾರನ್ನೋ ಏನೋ ಕೇಳಿದರು. ಫೋನು ತೆಗೆದು, ಕನ್ನಡಕ ಏರಿಸಿ, ಟ್ಯಾಕ್ಸಿ ಕರೆದರು. ಅವನು ಕಾರಿನಿಂದ ಇಳಿಯಲಿಲ್ಲ. ಟ್ಯಾಕ್ಸಿಯ ಹಿಂದೆಯೇ ಜಾನ್ಸ್ ಕ್ರೀಕ್‌ವರೆಗೆ ಬಂದು, ಒಂದು ಸುತ್ತು ಹಾಕಿ, ತಡವಾಗಿ ಮನೆಗೆ ಹೋಗಿ, ಆಶ್ಚರ್ಯಪಟ್ಟವನಂತೆ ಕೂಗಾಡಿದ.

"ಅವಳ ಫೇಸ್ ನೀನು ನೋಡಬೇಕಿತ್ತು," ಅಂದ. ಅಷ್ಟೇ ಅಂದದ್ದು. ನಾನು ಆ ಮುಖ ಬೆಲ್ಜಿಯಂನಲ್ಲಿ ಕೂತು ನೋಡಿದ್ದೆ.

ಆಂಟಿಗೆ ಇದು ಕೊನೆಯವರೆಗೂ ಗೊತ್ತಾಗಲಿಲ್ಲ. ಗೊತ್ತಾಗದಂತೆ ನೋಡಿಕೊಂಡ ಮಗನ ಮೇಲೆ ನನಗೆ ತುಂಬ ಪ್ರೀತಿ ಬಂದಿದೆ. ಅವರು ಹೋದ ಮೇಲೆ ಎಷ್ಟೋ ಮಧ್ಯಾಹ್ನಗಳು ಕಳೆದಿವೆ, ಕ್ಯಾಂಟೀನಿನಲ್ಲಿ ಒಬ್ಬಳೇ ಉಣ್ಣುವುದು ಅಭ್ಯಾಸವಾಗಿದೆ. ಆದರೆ ಈ ಒಂದು ಸುದ್ದಿ ಮಾತ್ರ ನನ್ನಲ್ಲೇ ಉಳಿದು ಕೊರೆಯುತ್ತದೆ. ಇದನ್ನು ಹೇಳಬೇಕಾದವರು ಒಬ್ಬರೇ, ಅವರೇ ಇಲ್ಲ. ಕೇಳಿದ್ದರೆ ಮೊದಲು ಮಗನ ಮೇಲೆ ಕೆಂಡಾಮಂಡಲವಾಗುತ್ತಿದ್ದರು. ಪತ್ತೇದಾರಿ ಮಾಡ್ತಾನಾ ಅವನು, ನನ್ನ ಮೇಲೆ, ಎಂದು ತಟ್ಟೆ ಪಕ್ಕಕ್ಕೆ ತಳ್ಳುತ್ತಿದ್ದರು. ಆಮೇಲೆ ತಟ್ಟೆಯನ್ನು ಮತ್ತೆ ಹತ್ತಿರ ಎಳೆದುಕೊಂಡು ಕೇಳುತ್ತಿದ್ದರು, ಆ ಚಳೀಲಿ ಅಷ್ಟೊತ್ತು ಕೂತಿದ್ನಲ್ಲ, ಒಂದು ಲೋಟ ಕಾಫೀನಾದ್ರೂ ಕುಡಿದಿದ್ನಂತಾ?